ಹೊಟ್ಟೆಯೊಳಗೆ ಇಣುಕಿ ನೋಡಿದ ವೈದ್ಯ: ವಿಲಿಯಂ ಬೋಮಾಂಟ್ ಬದುಕು ಮತ್ತು ನಮ್ಮ ಜೀರ್ಣಕ್ರಿಯೆ

ಊಟವಾದ ತಕ್ಷಣ ತಣ್ಣೀರು ಕುಡಿದರೆ ತಿಂದ ಎಣ್ಣೆ ಹೊಟ್ಟೆಯಲ್ಲೇ ಗಟ್ಟಿಯಾಗಿ ಹೃದಯಾಘಾತವಾಗುತ್ತದೆ. ಊಟದ ಮೇಲೆ ಹಣ್ಣು ತಿಂದರೆ ಅದು ಜಠರದಲ್ಲಿ ಕೊಳೆಯುತ್ತದೆ. ಹಾಲಿನ ಜೊತೆ ಹುಳಿ ತಿಂದರೆ ಹಾಲು ಒಡೆದು ವಿಷವಾಗುತ್ತದೆ. ಈ ಮೂರರಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತದೆ. ಬರೆದವರು ಯಾರೋ ಗೊತ್ತಿಲ್ಲ, ಆದರೆ ಹೊಟ್ಟೆಯೊಳಗೆ ನಡೆಯುವುದನ್ನೆಲ್ಲ ಕಣ್ಣಾರೆ ಕಂಡವರ ಹಾಗೆ ಬರೆದಿರುತ್ತಾರೆ.

ನಿಜಕ್ಕೂ ಕಣ್ಣಾರೆ ಕಂಡ ವೈದ್ಯರೊಬ್ಬರಿದ್ದರು. ಸುಮಾರು 200 ವರ್ಷಗಳ ಹಿಂದೆ, ಬದುಕಿರುವ ಮನುಷ್ಯನ ಜಠರದೊಳಗೆ ಆಹಾರ ಇಳಿಬಿಟ್ಟು, ಗಡಿಯಾರ ನೋಡುತ್ತಾ, ಅದು ಕರಗುವುದನ್ನು ಬರೆದಿಟ್ಟವರು. ಅವರ ಹೆಸರು ವಿಲಿಯಂ ಬೋಮಾಂಟ್. ಇಂದು ನಾವು ಅವರ ಬದುಕನ್ನು ಹೇಳಲಿದ್ದೇವೆ. ಜೊತೆಗೆ, ಯಾರ ಹೊಟ್ಟೆಯಿಂದ ಈ ಜ್ಞಾನ ಬಂತೋ ಆ ಮನುಷ್ಯನ ಬದುಕನ್ನೂ ಹೇಳಲಿದ್ದೇವೆ.

ರೈತನ ಮಗ, ಸೇನೆಯ ವೈದ್ಯ

ಬೋಮಾಂಟ್ ಹುಟ್ಟಿದ್ದು 1785ರ ನವೆಂಬರ್ 21ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೆಬನಾನ್ ಎಂಬ ಊರಿನಲ್ಲಿ. ರೈತ ಕುಟುಂಬ. ಇಪ್ಪತ್ತರ ಆಸುಪಾಸಿನಲ್ಲಿ ಮನೆ ಬಿಟ್ಟು ಹೊರಟು ಶಾಲಾ ಮಾಸ್ತರಾದರು. ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆ ಕಾಲದ ಪದ್ಧತಿಯಂತೆ ವರ್ಮಾಂಟ್ ರಾಜ್ಯದ ವೈದ್ಯರೊಬ್ಬರ ಬಳಿ ಶಿಷ್ಯನಾಗಿ ಕೆಲಸ ಕಲಿತರು. ರೋಗಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು. ಮುಂದೆ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಈ ಅಭ್ಯಾಸವೇ.

1812ರಲ್ಲಿ ವೈದ್ಯಕೀಯ ಪರವಾನಗಿ ಸಿಕ್ಕಿತು. ಅದೇ ವರ್ಷ ಅಮೆರಿಕ ಮತ್ತು ಬ್ರಿಟನ್ ನಡುವೆ ಯುದ್ಧ ಶುರುವಾಯಿತು. ಬೋಮಾಂಟ್ ಸೇನೆ ಸೇರಿದರು. ಗುಂಡೇಟು ತಿಂದವರು, ಸುಟ್ಟಗಾಯದವರು, ಕೈಕಾಲು ಕತ್ತರಿಸಬೇಕಾದವರು ಇವರ ಕೈಗೆ ಬಂದರು. ಅರಿವಳಿಕೆಯೂ ಇಲ್ಲದ, ಗಾಯ ಕೀವಾಗಲು ರೋಗಾಣು ಕಾರಣ ಎಂಬುದೂ ಗೊತ್ತಿಲ್ಲದ ಕಾಲ ಅದು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಖಾಸಗಿಯಾಗಿ ವೈದ್ಯವೃತ್ತಿ ನಡೆಸಿ, ಮತ್ತೆ ಸೇನೆಗೆ ಮರಳಿದರು. ಈ ಸಲ ಅವರನ್ನು ಕಳಿಸಿದ್ದು ಹ್ಯೂರನ್ ಸರೋವರದ ಮ್ಯಾಕಿನಾ ದ್ವೀಪದ ಕೋಟೆಗೆ. ತುಪ್ಪಳದ ಚರ್ಮದ ವ್ಯಾಪಾರ ನಡೆಯುತ್ತಿದ್ದ ದೂರದ ಜಾಗ. ಅಲ್ಲಿ ಇದ್ದ ವೈದ್ಯ ಇವರೊಬ್ಬರೇ.

1822ರ ಜೂನ್ 6

ಆ ದಿನ ಅಮೆರಿಕನ್ ಫರ್ ಕಂಪನಿಯ ಅಂಗಡಿಯಲ್ಲಿ ಜನ ಸೇರಿದ್ದರು. ಯಾರದೋ ಕೈಯಲ್ಲಿದ್ದ ಬಂದೂಕು ಅಕಸ್ಮಾತ್ತಾಗಿ ಸಿಡಿಯಿತು. ಒಂದು ಗಜದಷ್ಟೂ ದೂರವಿಲ್ಲದೆ ನಿಂತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಎಡಪಕ್ಕೆಗೆ ಚರೆಗಳು ಹೊಕ್ಕವು. ಇಪ್ಪತ್ತರ ಆಸುಪಾಸಿನ ವಯಸ್ಸು, ಫ್ರೆಂಚ್ ಮಾತನಾಡುವ ಕೆನಡಾದವನು. ದೋಣಿಯಲ್ಲಿ ಚರ್ಮದ ಮೂಟೆ ಸಾಗಿಸುವುದು ಅವನ ಕೂಲಿ ಕೆಲಸ.

ಬೋಮಾಂಟ್ ಬಂದು ನೋಡಿದಾಗ ಪಕ್ಕೆಲುಬು ಮುರಿದಿತ್ತು. ಶ್ವಾಸಕೋಶದ ಒಂದು ಭಾಗ ಹೊರಗೆ ಬಂದಿತ್ತು. ಜಠರ ತೂತಾಗಿ ಬೆಳಗಿನ ತಿಂಡಿ ಗಾಯದಿಂದ ಹೊರಗೆ ಸುರಿಯುತ್ತಿತ್ತು. ಒಂದೂವರೆ ದಿನ ಬದುಕುವುದೂ ಕಷ್ಟ ಎಂದು ಅವರಿಗೆ ಅನ್ನಿಸಿತು.

ಆದರೆ ಅಲೆಕ್ಸಿಸ್ ಬದುಕಿದ. ಮೊದಲ 17 ದಿನ ತಿಂದದ್ದೆಲ್ಲ ಗಾಯದಿಂದಲೇ ಹೊರಬರುತ್ತಿತ್ತು. ಬಳಿಕ ಬಿಗಿಯಾಗಿ ಪಟ್ಟಿ ಕಟ್ಟಿದಾಗ ಆಹಾರ ಒಳಗೆ ನಿಂತಿತು, ಶರೀರ ಚೇತರಿಸಿತು. ತೂತು ಮಾತ್ರ ಮುಚ್ಚಲಿಲ್ಲ. ಜಠರದ ಅಂಚು ಹೊಟ್ಟೆಯ ಗೋಡೆಗೆ ಅಂಟಿಕೊಂಡೇ ಗುಣವಾಯಿತು. ಹೊಲಿಗೆ ಹಾಕಿಸಿಕೊಳ್ಳಲು ಅಲೆಕ್ಸಿಸ್ ಒಪ್ಪಲಿಲ್ಲ. ಕಾಲಕ್ರಮೇಣ ಜಠರದ ಒಳಪೊರೆಯೇ ಒಂದು ಸಣ್ಣ ಮುಚ್ಚಳದಂತೆ ಬೆಳೆದು ತೂತನ್ನು ಒಳಗಿನಿಂದ ಮುಚ್ಚಿತು. ಬೆರಳಿನಿಂದ ಒತ್ತಿದರೆ ಅದು ಸರಿಯುತ್ತಿತ್ತು, ಒಳಗೆ ನೋಡಬಹುದಿತ್ತು.

ಅಷ್ಟರಲ್ಲಿ ಸ್ಥಳೀಯ ಆಡಳಿತ ಇವನ ಖರ್ಚು ಭರಿಸುವುದಿಲ್ಲ ಎಂದು ಕೈಚೆಲ್ಲಿ, ದೂರದ ಕೆನಡಾಗೆ ದೋಣಿಯಲ್ಲಿ ಸಾಗಿಸಲು ಹೊರಟಿತು. ಆ ಸ್ಥಿತಿಯಲ್ಲಿ ಹೊರಟಿದ್ದರೆ ಅವನು ದಾರಿಯಲ್ಲೇ ಸಾಯುತ್ತಿದ್ದನೇನೋ. 1823ರಲ್ಲಿ ಬೋಮಾಂಟ್ ಅವನನ್ನು ತಮ್ಮ ಮನೆಗೆ ಕರೆತಂದು ಇಟ್ಟುಕೊಂಡು ಗಾಯ ತೊಳೆದು ಪಟ್ಟಿ ಕಟ್ಟಿದರು.

ದಾರಕ್ಕೆ ಕಟ್ಟಿದ ಮಾಂಸದ ತುಂಡು

ಆಗ ಜೀರ್ಣಕ್ರಿಯೆ ಎಂದರೇನು ಎಂಬುದರ ಬಗ್ಗೆಯೇ ಜಗಳವಿತ್ತು. ಆಹಾರ ಹೊಟ್ಟೆಯಲ್ಲಿ ಬೇಯುತ್ತದೆ ಎಂದು ಕೆಲವರು, ಕೊಳೆಯುತ್ತದೆ ಎಂದು ಕೆಲವರು, ಬೀಸುವ ಕಲ್ಲಿನಲ್ಲಿ ಅರೆದ ಹಾಗೆ ನುಣ್ಣಗಾಗುತ್ತದೆ ಎಂದು ಇನ್ನು ಕೆಲವರು. ರಾಸಾಯನಿಕ ಕ್ರಿಯೆ ಎನ್ನುವವರೂ ಇದ್ದರು. ನಾವು ಇಂದಿಗೂ ಮಾತಿನಲ್ಲಿ ಬಳಸುವ ಜಠರಾಗ್ನಿ ಎಂಬ ಪದದಲ್ಲೂ ಬೇಯಿಸುವ ಬೆಂಕಿಯ ಕಲ್ಪನೆಯೇ ಇದೆ.

1825ರ ಆಗಸ್ಟ್ 1ರಂದು ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ತುಂಡುಗಳು, ಹಳೆಯ ಬ್ರೆಡ್, ಹಸಿ ಎಲೆಕೋಸು ಕಟ್ಟಿ ಅಲೆಕ್ಸಿಸ್‌ನ ಜಠರದೊಳಗೆ ಇಳಿಬಿಟ್ಟರು. ಒಂದು ಗಂಟೆಯ ನಂತರ ಎಳೆದು ನೋಡಿದರೆ ಕೋಸು ಮತ್ತು ಬ್ರೆಡ್ ಅರ್ಧ ಕರಗಿದ್ದವು, ಮಾಂಸ ಹಾಗೆಯೇ ಇತ್ತು. ಎರಡು ಗಂಟೆಯ ಹೊತ್ತಿಗೆ ಬ್ರೆಡ್, ಕೋಸಿನ ಜೊತೆ ಬೇಯಿಸಿದ ಮಾಂಸವೂ ದಾರದಿಂದ ಮಾಯವಾಗಿತ್ತು.

ಕೆಲವು ದಿನಗಳ ನಂತರ ಇನ್ನೂ ಮುಖ್ಯವಾದ ಪ್ರಯೋಗ ಮಾಡಿದರು. ಜಠರರಸವನ್ನು ಕೊಳವೆಯಿಂದ ಹೊರಗೆ ತೆಗೆದು ಸಣ್ಣ ಸೀಸೆಗೆ ಹಾಕಿ, ಅದರಲ್ಲಿ ಬೇಯಿಸಿದ ಮಾಂಸದ ತುಂಡು ಇಟ್ಟು, ದೇಹದಷ್ಟೇ ಬೆಚ್ಚಗೆ, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರು. ಹತ್ತು ಗಂಟೆಯಲ್ಲಿ ಮಾಂಸ ಪೂರ್ತಿ ಕರಗಿತು. ಸೀಸೆಗೆ ಸ್ನಾಯುವಿಲ್ಲ, ಅರೆಯುವ ಗೋಡೆಯಿಲ್ಲ. ಆದರೂ ಕರಗಿತು ಎಂದರೆ ಕೆಲಸ ಮಾಡಿದ್ದು ಆ ರಸವೇ. ಜೀರ್ಣಕ್ರಿಯೆ ಮೂಲತಃ ರಾಸಾಯನಿಕ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿರಲಿಲ್ಲ.

ಖಾಲಿ ಜಠರದ ಒಳಪೊರೆಗೆ ಅವರು ತಮ್ಮ ನಾಲಿಗೆ ತಾಗಿಸಿಯೂ ನೋಡಿದರು. ಹುಳಿ ಇರಲಿಲ್ಲ. ಆಹಾರ ಬಿದ್ದ ಮೇಲೆ ಹುಳಿ ಬಂತು. ರಸ ಮೊದಲೇ ತುಂಬಿಕೊಂಡು ಕಾಯುವುದಿಲ್ಲ, ಆಹಾರ ಬಂದಾಗ ಒಸರುತ್ತದೆ ಎಂದು ಅರ್ಥಮಾಡಿಕೊಂಡರು. ಕೊಬ್ಬಿನ ಆಹಾರ ನಿಧಾನವಾಗಿ, ಸಣ್ಣದಾಗಿ ಅಗಿದ ಆಹಾರ ಬೇಗ ಕರಗುತ್ತದೆ ಎಂದು ಕಂಡರು. ಅಲೆಕ್ಸಿಸ್‌ಗೆ ಸಿಟ್ಟು ಬಂದಾಗ ಜಠರದ ಒಳಗೂ ವ್ಯತ್ಯಾಸವಾಗುವುದನ್ನು ಗಮನಿಸಿದರು.

ಸುಮಾರು ಎಂಟು ವರ್ಷಗಳಲ್ಲಿ, ನಡುನಡುವೆ ಬಿಡುವು ಬಿದ್ದು, 200ಕ್ಕೂ ಹೆಚ್ಚು ಪ್ರಯೋಗ ನಡೆದವು. 1833ರಲ್ಲಿ ಅವರು ಪುಸ್ತಕ ಪ್ರಕಟಿಸಿದರು. ಅದರಲ್ಲಿದ್ದ ಸಮಯದ ಪಟ್ಟಿ ಬಹಳ ಹೆಸರಾಯಿತು: ಅನ್ನಕ್ಕೆ 1 ಗಂಟೆ, ಕಾಯಿಸಿದ ಹಾಲಿಗೆ 2 ಗಂಟೆ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆಗೆ ಮೂರೂವರೆ ಗಂಟೆ, ಹುರಿದ ಹಂದಿ ಮಾಂಸಕ್ಕೆ ಐದು ಗಂಟೆಗೂ ಹೆಚ್ಚು.

ಅವರಿಗೆ ಗೊತ್ತಾಗದೆ ಉಳಿದದ್ದು

ಬೋಮಾಂಟ್ ಕಂಡದ್ದು ಜಠರವನ್ನು ಮಾತ್ರ, ಅದೂ ಒಬ್ಬನೇ ಮನುಷ್ಯನದು. ಬಾಯಿಯ ಜೊಲ್ಲು ಆಹಾರವನ್ನು ಕರಗಿಸುವುದಿಲ್ಲ ಎಂದು ಅವರು ತಿಳಿದಿದ್ದರು. ಅದು ಸರಿಯಲ್ಲ. ಅನ್ನ, ರೊಟ್ಟಿಯ ಪಿಷ್ಟ ಒಡೆಯಲು ಶುರುವಾಗುವುದೇ ಜೊಲ್ಲಿನ ಕಿಣ್ವದಿಂದ. ಜಠರರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ ಎಂಬುದು ಆಗಲೇ ಗೊತ್ತಿತ್ತು. ಪ್ರೋಟೀನ್ ಒಡೆಯುವ ಪೆಪ್ಸಿನ್ ಕಿಣ್ವವನ್ನು ಜರ್ಮನಿಯ ಥಿಯೊಡೋರ್ ಶ್ವಾನ್ 1836ರಲ್ಲಿ ಕಂಡುಹಿಡಿದರು.

ಇಂದು ನಮಗೆ ಪೂರ್ತಿ ದಾರಿ ಗೊತ್ತು. ಜಠರದಲ್ಲಿ ಗಂಜಿಯಂತಾದ ಆಹಾರ ಸ್ವಲ್ಪಸ್ವಲ್ಪವಾಗಿ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜೀರಕ ಗ್ರಂಥಿಯ ಕಿಣ್ವಗಳು ಉಳಿದ ಕೆಲಸ ಮಾಡುತ್ತವೆ. ಪೋಷಕಾಂಶಗಳಲ್ಲಿ ಹೆಚ್ಚಿನವು ರಕ್ತಕ್ಕೆ ಸೇರುವುದು ಸಣ್ಣಕರುಳಿನಿಂದಲೇ. ದೊಡ್ಡಕರುಳು ನೀರು ಹೀರಿಕೊಂಡು, ಉಳಿದದ್ದನ್ನು ಹೊರಗೆ ಕಳಿಸುತ್ತದೆ. ಹಾಗಾಗಿ ಅನ್ನ ಒಂದು ಗಂಟೆಯಲ್ಲಿ ಜೀರ್ಣ ಎಂದು ಯಾರಾದರೂ ಪಟ್ಟಿ ಕಳಿಸಿದರೆ, ಅದು ಹೆಚ್ಚೆಂದರೆ ಜಠರದ ಲೆಕ್ಕ. ಇಡೀ ಪ್ರಯಾಣಕ್ಕೆ ಒಂದು ದಿನ ಅಥವಾ ಅದಕ್ಕಿಂತ ಹೆಚ್ಚು ಬೇಕು.

ಈಗ ಆ ಫಾರ್ವರ್ಡ್‌ಗಳನ್ನು ನೋಡೋಣ

ತಣ್ಣೀರು: ತಣ್ಣೀರು ಬಿದ್ದರೆ ಜಠರದ ಉಷ್ಣತೆ ಇಳಿಯುವುದು ನಿಜ, ಬೋಮಾಂಟ್ ಥರ್ಮಾಮೀಟರ್ ಇಟ್ಟು ಅಳೆದಿದ್ದರು. ಆದರೆ ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಎಣ್ಣೆ ಗಟ್ಟಿಯಾಗಿ ಹೃದಯಕ್ಕೆ ಹೋಗುವ ದಾರಿಯೇ ಇಲ್ಲ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ವರ್ಷಗಟ್ಟಲೆ ನಡೆಯುವ ಬೇರೆಯೇ ಪ್ರಕ್ರಿಯೆ.

ಕೊಳೆಯುವ ಹಣ್ಣು: ಕೊಳೆಯುವುದಕ್ಕೆ ಬ್ಯಾಕ್ಟೀರಿಯಾ ಬೇಕು. ಜಠರದ ಆಮ್ಲದಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಜಠರರಸ ಮಾಂಸ ಕೊಳೆಯುವುದನ್ನು ತಡೆಯುತ್ತದೆ ಎಂದು ಬೋಮಾಂಟ್ ಆಗಲೇ ಬರೆದಿದ್ದರು. ಊಟದ ಮುಂಚೆಯೋ ನಂತರವೋ, ಹಣ್ಣು ತಿನ್ನುವುದು ಒಳ್ಳೆಯದೇ.

ಒಡೆಯುವ ಹಾಲು: ಹುಳಿ ತಿನ್ನದಿದ್ದರೂ ಹಾಲು ಜಠರದಲ್ಲಿ ಒಡೆಯುತ್ತದೆ. ಕುಡಿದ ಹಾಲು ಜೀರ್ಣವಾಗುವ ಮೊದಲ ಹೆಜ್ಜೆಯೇ ಅದು. ಹಸುಗೂಸಿನ ಹೊಟ್ಟೆಯಲ್ಲೂ ಹೀಗೇ ಆಗುತ್ತದೆ. ಮಗು ಕಕ್ಕಿದ ಹಾಲು ಮೊಸರಿನಂತೆ ಇರುವುದನ್ನು ನೋಡದ ತಾಯಂದಿರು ಯಾರೂ ಇರಲಿಕ್ಕಿಲ್ಲ.

ಇವೆಲ್ಲ ನಿರುಪದ್ರವಿ ಸಂದೇಶ, ಕಳಿಸಿದರೇನು ಎಂದು ನಿಮಗೆ ಅನ್ನಿಸಬಹುದು. ಅಪಾಯ ಇರುವುದು ಇನ್ನೊಂದು ಕಡೆ. ಎದೆಯಲ್ಲಿ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಬಂದಾಗ ಗ್ಯಾಸ್ ಇರಬೇಕು ಎಂದು ಬಿಸಿನೀರು, ಸೋಡಾ ಕುಡಿದು ಕೂತವರಿದ್ದಾರೆ. ಅಂಥ ಹೊತ್ತಿನಲ್ಲಿ ಒಂದೊಂದು ನಿಮಿಷವೂ ಮುಖ್ಯ, ನೇರ ಆಸ್ಪತ್ರೆಗೆ ಹೋಗಿ. ಹಾಗೆಯೇ ವಾಂತಿಯಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೆ ಮನೆಮದ್ದು ಹುಡುಕಬೇಡಿ.

ಅಲೆಕ್ಸಿಸ್ ಏನಾದ?

ಈ ಕಥೆಯಲ್ಲಿ ಬೋಮಾಂಟ್ ಪೂರ್ತಿ ದೇವರೂ ಅಲ್ಲ, ಪೂರ್ತಿ ಖಳನೂ ಅಲ್ಲ. ಸಾಯುತ್ತಿದ್ದವನನ್ನು ಬದುಕಿಸಿದವರು ಅವರು. ಅವನ ಹಸಿವನ್ನೂ ನೋವನ್ನೂ ಪ್ರಯೋಗಕ್ಕೆ ಬಳಸಿಕೊಂಡವರೂ ಅವರೇ. ಅಲೆಕ್ಸಿಸ್ ಗಂಟೆಗಟ್ಟಲೆ ಉಪವಾಸ ಇರಬೇಕಿತ್ತು, ಕೊಳವೆ ಚುಚ್ಚಿಸಿಕೊಳ್ಳಬೇಕಿತ್ತು. ರಸ ತೆಗೆಯುವಾಗ ಹೊಟ್ಟೆ ಕುಸಿದಂತಾಗಿ ತಲೆ ಸುತ್ತುತ್ತಿತ್ತು. ಇದರ ಜೊತೆಗೆ ಬೋಮಾಂಟ್ ಮನೆಯ ಸೌದೆ ಒಡೆಯುವಂಥ ಆಳಿನ ಕೆಲಸವೂ ಇತ್ತು.

1825ರಲ್ಲಿ ಅವನು ಹೇಳದೆ ಕೇಳದೆ ಕೆನಡಾಗೆ ಹೋದ. ಮದುವೆಯಾದ, ಮಕ್ಕಳಾದವು. 1829ರಲ್ಲಿ ಹೆಂಡತಿ ಮಕ್ಕಳೊಂದಿಗೆ ಮರಳಿ ಬಂದ, 1831ರಲ್ಲಿ ಮತ್ತೆ ಹೋದ. 1832ರಲ್ಲಿ ಬೋಮಾಂಟ್ ಲಿಖಿತ ಒಪ್ಪಂದ ಮಾಡಿಸಿಕೊಂಡರು: ಒಂದು ವರ್ಷಕ್ಕೆ 150 ಡಾಲರ್, ಊಟ, ಬಟ್ಟೆ, ವಸತಿ. ಅಲೆಕ್ಸಿಸ್‌ಗೆ ಓದು ಬರಹ ಬರುತ್ತಿರಲಿಲ್ಲ. ಒಪ್ಪಿಗೆ ಎಂದರೆ ಅದೇನಾ ಎಂದು ವೈದ್ಯಕೀಯ ನೀತಿಯ ಬಗ್ಗೆ ಯೋಚಿಸುವವರು ಇಂದಿಗೂ ಕೇಳುತ್ತಾರೆ. ಈಗ ಮನುಷ್ಯರ ಮೇಲೆ ಸಂಶೋಧನೆ ಮಾಡಬೇಕಾದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಯಾವಾಗ ಬೇಕಾದರೂ ಬಿಟ್ಟುಹೋಗುವ ಹಕ್ಕಿದೆ ಎಂದೂ ಹೇಳಬೇಕು.

1834ರಲ್ಲಿ ಹೋದವನು ಮತ್ತೆ ಬರಲಿಲ್ಲ. ಬೋಮಾಂಟ್ ವರ್ಷಗಟ್ಟಲೆ ಪತ್ರ ಬರೆಸಿದರು, ಹಣದ ಆಸೆ ತೋರಿಸಿದರು. ಪ್ರಯೋಜನವಾಗಲಿಲ್ಲ. ಅವರು ಸೇಂಟ್ ಲೂಯಿ ನಗರದಲ್ಲಿ ನೆಲೆಸಿ, ಸೇನೆ ಬಿಟ್ಟು ವೈದ್ಯವೃತ್ತಿ ಮುಂದುವರಿಸಿದರು. 1853ರಲ್ಲಿ ಹಿಮ ಬಿದ್ದ ಮೆಟ್ಟಿಲ ಮೇಲೆ ಜಾರಿ ಬಿದ್ದು ಗಾಯಗೊಂಡು, ಏಪ್ರಿಲ್ 25ರಂದು ತೀರಿಕೊಂಡರು. ಒಂದೂವರೆ ದಿನ ಬದುಕುವುದೂ ಕಷ್ಟ ಎಂದು ಅವರು ಭಾವಿಸಿದ್ದ ಅಲೆಕ್ಸಿಸ್, ಅವರ ನಂತರವೂ 27 ವರ್ಷ, ಬಡತನದಲ್ಲೇ ಆದರೂ, ಬದುಕಿದ.

1880ರ ಜೂನ್‌ನಲ್ಲಿ ಅಲೆಕ್ಸಿಸ್ ತೀರಿಕೊಂಡಾಗ, ಅವನ ಜಠರವನ್ನು ಮ್ಯೂಸಿಯಂನಲ್ಲಿ ಇಡಲು ವಿಲಿಯಂ ಆಸ್ಲರ್ ಎಂಬ ಹೆಸರಾಂತ ವೈದ್ಯರು ಪ್ರಯತ್ನಿಸಿದರು. ಮನೆಯವರು ಒಪ್ಪಲಿಲ್ಲ. ಶವ ಕೆಡುವವರೆಗೂ ಬೇಸಿಗೆಯ ಬಿಸಿಲಿನ ದಿನಗಳಲ್ಲಿ ಇಟ್ಟುಕೊಂಡು, ಯಾರೂ ಅಗೆದು ತೆಗೆಯಬಾರದೆಂದು ಎಂಟು ಅಡಿ ಆಳದಲ್ಲಿ ಹೂತರು. ಬದುಕಿದ್ದಷ್ಟು ಕಾಲ ಬೇರೆಯವರು ಇಣುಕಿ ನೋಡಿದ ಹೊಟ್ಟೆ, ಕೊನೆಗೆ ಮನೆಯವರ ಪಾಲಿಗೆ ಉಳಿಯಿತು.

ನಿಮ್ಮ ಮೊಬೈಲಿಗೆ ಜೀರ್ಣಕ್ರಿಯೆಯ ಬಗ್ಗೆ ಮುಂದಿನ ಸಂದೇಶ ಬಂದಾಗ, ಹಂಚುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾರು, ಯಾವಾಗ, ಹೇಗೆ ನೋಡಿ ತಿಳಿದುಕೊಂಡರು? ಉತ್ತರ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ಇರಲಿ.