ದೆಹಲಿಗೆ ಷರತ್ತು ಹಾಕಿದ ಧವನ್

ಸರೋಜಿನಿ ನಗರದಲ್ಲಿ ಯಾರಾದರೂ ಬೆಂಗಳೂರೆಂದರೆ ಬರೀ ಸಾಫ್ಟ್‌ವೇರ್ ಎಂದರೆ ನಾನು ಸತೀಶ್ ಧವನ್ ಅವರ ಕಥೆ ಹೇಳುತ್ತೇನೆ. ನಾವು ದಕ್ಷಿಣದಿಂದ ಇಲ್ಲಿಗೆ ಬಂದವರು, ಅವರು ಉತ್ತರದಿಂದ ನಮ್ಮೂರಿಗೆ ಹೋದವರು.

1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಧವನ್, ಲಾಹೋರಿನಲ್ಲಿ ಗಣಿತ, ಇಂಗ್ಲಿಷ್ ಸಾಹಿತ್ಯ, ಎಂಜಿನಿಯರಿಂಗ್ ಓದಿ ಅಮೆರಿಕದ ಕ್ಯಾಲ್ಟೆಕ್ ಸೇರಿದರು. ಶಬ್ದಕ್ಕಿಂತ ವೇಗವಾಗಿ ಹಾರುವ ವಸ್ತುವಿನ ಮುಂದೆ ಗಾಳಿ ಒತ್ತಿಕೊಂಡು ಆಘಾತ ತರಂಗ ಏಳುತ್ತದೆ. ಅದು ಮೇಲ್ಮೈಗೆ ಬಡಿದಲ್ಲಿ, ಅಲ್ಲಿಗಂಟಿದ ತೆಳು ಗಾಳಿಪದರ ಕದಡುತ್ತದೆ. ಸಾಮಾನ್ಯವಾಗಿ ಆ ಪದರದ ಘರ್ಷಣೆ ಹೆಚ್ಚಿದರೆ ಶಾಖವೂ ಹೆಚ್ಚು. ಧವನ್ ಘರ್ಷಣೆಯನ್ನು ಲೆಕ್ಕದಿಂದ ಊಹಿಸಲಿಲ್ಲ. ತಟ್ಟೆಯ ಚೂರೊಂದನ್ನು ಸಡಿಲ ಬಿಟ್ಟು, ಗಾಳಿ ಅದನ್ನು ಎಷ್ಟು ಎಳೆಯುತ್ತದೆಂದು ನೇರವಾಗಿ ಅಳೆದರು.

1951ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದು ದೇಶದ ಮೊದಲ ಶಬ್ದಾತೀತ ವಾಯುಸುರಂಗ ಕಟ್ಟಿದರು. ಮುಂದೆ ಅಲ್ಲೇ ಆಘಾತ ಸುರಂಗಗಳೂ ಬಂದವು. ಅವುಗಳಲ್ಲಿ ಮಾದರಿಯ ಮೈಗೆ ಹಚ್ಚಿದ ತೆಳು ಪ್ಲಾಟಿನಂ ಪದರ ಮಿಲಿಸೆಕೆಂಡುಗಳಲ್ಲಿ ಏರುವ ಶಾಖವನ್ನು ಹಿಡಿದುಕೊಡುತ್ತದೆ.

1962ರಲ್ಲಿ ನಿರ್ದೇಶಕರಾದರು. 1972ರಲ್ಲಿ ಇಸ್ರೋ ಹೊಣೆ ಬಂದಾಗ ಇನ್‌ಸ್ಟಿಟ್ಯೂಟ್ ಬಿಡುವುದಿಲ್ಲ, ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲೇ ಇರಬೇಕು ಎಂದರು. ಇಂದಿರಾ ಗಾಂಧಿ ಒಪ್ಪಿದರು. 1979ರಲ್ಲಿ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರೆದುರು ತಾವೇ ಹೊಣೆ ಹೊತ್ತರು. ಮರುವರ್ಷ ಗೆದ್ದಾಗ ಕಲಾಂ ಅವರನ್ನು ಮುಂದೆ ಬಿಟ್ಟರು.

2002ರ ಜನವರಿಯಲ್ಲಿ ತೀರಿಕೊಂಡರು. ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರಿದೆ. ಬಡ್ತಿಗಾಗಿ ಊರು ಬಿಟ್ಟ ನನಗೆ ಮಾತ್ರ, ದೊಡ್ಡ ಕುರ್ಚಿ ಸಿಕ್ಕಾಗಲೂ ಪ್ರಯೋಗಾಲಯದ ಪಕ್ಕ ಬಿಡದ ಆ ಷರತ್ತೇ ಹೆಚ್ಚು ನೆನಪಾಗುತ್ತದೆ.