ಕಿವಿಯನ್ನೇ ಗುರುವಾಗಿಸಿಕೊಂಡ ಗೋವೆಯ ಚಿಕ್ ಚಾಕೊಲೇಟ್

ರೇಡಿಯೋ ಸಿಲೋನಿನ ಹಿಂದೀ ಚಿತ್ರಗೀತೆಗಳನ್ನು ಕೇಳಿ ಬೆಳೆದ ನಮ್ಮ ಹಿರಿಯರಿಗೆ 1951ರ ‘ಅಲ್‌ಬೇಲಾ’ ಚಿತ್ರದ ಹಾಡುಗಳು ಮರೆತಿರಲಾರವು. ಸಂಗೀತ ನಿರ್ದೇಶಕರು ಸಿ. ರಾಮಚಂದ್ರ. ಕಾಲು ತಾನಾಗಿ ತಾಳ ಹಾಕುವ ಆ ಹಾಡುಗಳ ಹಿಂದೆ ತುತ್ತೂರಿ ಹಿಡಿದು ನಿಂತಿದ್ದವರು ಗೋವೆಯ ಅಂಟೋನಿಯೋ ಝೇವಿಯರ್ ವಾಜ್. ಮುಂಬಯಿ ಅವರನ್ನು ಬಲ್ಲದ್ದು ಚಿಕ್ ಚಾಕೊಲೇಟ್ ಎಂಬ ವಿನೋದದ ಹೆಸರಿನಿಂದ.

ಅವರು ಹುಟ್ಟಿದ್ದು 1916ರಲ್ಲಿ, ಬಾರ್ದೇಸ್ ತಾಲೂಕಿನ ಅಲ್ದೋಣಾ ಗ್ರಾಮದಲ್ಲಿ. ಹೊಳೆಯ ಬದಿಗೆ 1596ರಲ್ಲಿ ಕಟ್ಟಿದ ಸಂತ ಥೋಮಸರ ಇಗರ್ಜಿ ಆ ಊರಿನ ಹೆಗ್ಗುರುತು. ಪೋರ್ತುಗೀಸರ ಆಳ್ವಿಕೆಯಲ್ಲಿ ಗೋವೆಯ ಇಗರ್ಜಿಗಳಿಗೆ ಸೇರಿದಂತೆ ಪಾಠಶಾಲೆಗಳಿದ್ದವು. ಮಕ್ಕಳು ಅಕ್ಷರದ ಜೊತೆಗೇ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಯುತ್ತಿದ್ದರು. ಪೂಜೆಗೆ ಹಾಡಬೇಕು, ಹಬ್ಬಕ್ಕೆ ಪಿಟೀಲು ನುಡಿಸಬೇಕು ಎಂಬುದಷ್ಟೇ ಅದರ ಉದ್ದೇಶ. ಆದರೆ ಅದೇ ವಿದ್ಯೆ ಮುಂದೆ ಸಾವಿರಾರು ಗೋವನ್ನರಿಗೆ ಅನ್ನದ ದಾರಿಯಾಯಿತು.

ಮಗ ಮೆಕ್ಯಾನಿಕ್ ಆಗಿ ಮರ್ಯಾದೆಯಿಂದ ನಾಲ್ಕು ಕಾಸು ಸಂಪಾದಿಸಲಿ ಎಂಬುದು ತಾಯಿಯ ಆಸೆ. ಮಗನ ಮನಸ್ಸೆಲ್ಲ ತುತ್ತೂರಿಯಲ್ಲಿ. ಆ ಕಾಲದಲ್ಲಿ ಗೋವೆಯ ತರುಣರು ಕೆಲಸ ಹುಡುಕುತ್ತಾ ಹೋಗುತ್ತಿದ್ದ ಊರು ಮುಂಬಯಿ. ಅಲ್ಲಿ ಧೋಬಿ ತಲಾವಿನ ಸುತ್ತಮುತ್ತ ಒಂದೊಂದು ಹಳ್ಳಿಯವರಿಗೆ ಒಂದೊಂದು ‘ಕೂಡ್’, ಎಂದರೆ ಊರಿನವರೇ ಸೇರಿ ನಡೆಸುವ ವಸತಿ. ಒಂದು ಪೆಟ್ಟಿಗೆ ಇಡುವಷ್ಟು ಜಾಗ ಸಿಕ್ಕರೆ ಸಾಕು, ಬಾಳು ಆರಂಭವಾಗುತ್ತಿತ್ತು.

ಮುಂಬಯಿಯ ದೊಡ್ಡ ಹೊಟೇಲುಗಳಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. 1935ರಲ್ಲಿ ಲಿಯಾನ್ ಆಬಿಯವರ ಕರಿಯ ಅಮೆರಿಕನ್ನರ ವಾದ್ಯತಂಡ ತಾಜ್‌ಮಹಲ್ ಹೊಟೇಲಿಗೆ ಬಂದು ಜಾಜ್ ನುಡಿಸಿತು. ಅದರ ಬಳಿಕ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಬಂದರು. ಗೋವನ್ ವಾದಕರಿಗೆ ಕಾಗದದಲ್ಲಿ ಬರೆದದ್ದನ್ನೆಲ್ಲ ತಪ್ಪಿಲ್ಲದೆ ನುಡಿಸಲು ಬರುತ್ತಿತ್ತು. ಜಾಜಿನ ಜೀವವೋ ಬರೆಯದೆ ಬಿಟ್ಟ ಭಾಗದಲ್ಲಿತ್ತು. ಒಂದು ಸ್ವರವನ್ನು ತುಸು ತಡೆದು ಬಿಡುವುದು, ಇನ್ನೊಂದನ್ನು ಓರೆಯಾಗಿ ಜಾರಿಸುವುದು, ಗತ್ತಿನ ನಡುವೆ ಸ್ವಂತ ಮಾತೊಂದನ್ನು ಸೇರಿಸುವುದು: ಇದಕ್ಕೆ ಲಿಪಿ ಸಾಲದು.

ಹೀಗೆ ಓದು ಬಲ್ಲವರೇ ಬೆಳೆದು ದೊಡ್ಡವರಾದ ಮೇಲೆ ಮತ್ತೊಮ್ಮೆ ಮೊದಲ ಪಾಠಕ್ಕೆ ಕುಳಿತುಕೊಳ್ಳಬೇಕಾಯಿತು. ಜಾಜ್ ಕಲಿಸುವ ಶಾಲೆ ನಮ್ಮಲ್ಲಿರಲಿಲ್ಲ. ಮೂರು ನಿಮಿಷ ಹಾಡುವ ಗ್ರಾಮಫೋನ್ ತಟ್ಟೆಯೇ ಗುರು. ಮುಳ್ಳನ್ನು ಎತ್ತಿ ಪುನಃ ಮೊದಲಿಗೆ ಇಡುವುದು, ಒಂದು ಸಾಲು ಕೇಳಿ ಬಾಯಲ್ಲಿ ಗುನುಗುವುದು, ಆಮೇಲೆ ವಾದ್ಯದಲ್ಲಿ ಹುಡುಕುವುದು. ಪಿಯಾನೋ ನುಡಿಸುವವನು ಬಲಗೈಗೆ ರಾಗ ಸಿಕ್ಕಿದ ಬಳಿಕ ಎಡಗೈಯ ಮಂದ್ರಸ್ವರವನ್ನು ಅರಸುತ್ತಾನೆ. ಷಡ್ಜ, ಮಧ್ಯಮ, ಪಂಚಮಗಳನ್ನು ಆಧಾರವಾಗಿಟ್ಟ ಮೂರು ಸ್ವರಮೇಳಗಳು ಕೈಗೆ ಬಂದರೆ ಎಷ್ಟೋ ಜನಪ್ರಿಯ ಹಾಡುಗಳಿಗೆ ಜೊತೆ ಕೊಡಬಹುದು. ತುತ್ತೂರಿಯವನಿಗೆ ಇರುವುದು ಮೂರೇ ಗುಂಡಿ. ಉಳಿದದ್ದೆಲ್ಲ ತುಟಿ, ಉಸಿರು ಮತ್ತು ಕಿವಿ.

ಅಂಟೋನಿಯೋ ಆರಿಸಿಕೊಂಡ ಆದರ್ಶ ನ್ಯೂ ಆರ್ಲಿಯನ್ಸಿನ ಲೂಯಿ ಆರ್ಮ್‌ಸ್ಟ್ರಾಂಗ್. ಅವರ ತುತ್ತೂರಿಯ ಏರು ದನಿಯನ್ನೂ ಒರಟು ಕಂಠದ ಹಾಡಿಕೆಯನ್ನೂ ಇವರು ಎಷ್ಟು ಚೆನ್ನಾಗಿ ಒಲಿಸಿಕೊಂಡರೆಂದರೆ, ಜನ ಇವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. 1940ರ ದಶಕದ ನಡುವಿನಲ್ಲಿ ಇವರ ಸ್ವಂತ ತಂಡ ತಾಜ್‌ಮಹಲ್ ಹೊಟೇಲಿನಲ್ಲೇ ನುಡಿಸುತ್ತಿತ್ತು.

ಸ್ವಾತಂತ್ರ್ಯಾನಂತರ ಕಾಲ ಬದಲಾಯಿತು. ಬಿಳಿಯರು ಹಡಗು ಹತ್ತಿದರು. 1949ರ ಪಾನನಿರೋಧ ಕಾನೂನಿನಿಂದ ಮುಂಬಯಿಯ ರಾತ್ರಿಕೂಟಗಳು ಸೊರಗಿದವು. ವಾದಕರು ಚಿತ್ರರಂಗದತ್ತ ತಿರುಗಿದರು. ಅಲ್ಲಿ ಮತ್ತೊಂದು ಬಗೆಯ ಕೇಳ್ಮೆ ಬೇಕಾಯಿತು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ರಾಗ ಹಾಡಿ ತೋರಿಸುವರು. ಗೋವನ್ ಸಹಾಯಕ ಅದನ್ನು ಕೇಳಿ ಬರೆದು, ಯಾವ ವಾದ್ಯಕ್ಕೆ ಯಾವ ಪಾಲು ಎಂದು ಹಂಚಬೇಕು. ಚಿಕ್ ಈ ಕೆಲಸದಲ್ಲಿ ಸಿ. ರಾಮಚಂದ್ರರಿಗೂ ಮುಂದೆ ಮದನ್ ಮೋಹನರಿಗೂ ನೆರವಾದರು. 1950ರ ‘ಸಮಾಧಿ’, ಮರುವರ್ಷದ ‘ಅಲ್‌ಬೇಲಾ’ ಚಿತ್ರಗಳಲ್ಲಿ ಲ್ಯಾಟಿನ್ ಅಮೆರಿಕದ ಗತ್ತು ಹಿಂದೀ ಹಾಡಿಗೆ ಹೊಂದಿಕೊಂಡದ್ದು ಇಂಥ ಜೊತೆಗೆಲಸದಿಂದ. ದೇವ್ ಆನಂದ್, ಮಧುಬಾಲಾ ನಟಿಸಿದ ‘ನಾದಾನ್’ (1951) ಚಿತ್ರಕ್ಕೆ ಇವರೇ ಸಂಗೀತ ನಿರ್ದೇಶಕರು. ತಲತ್ ಮೆಹಮೂದರ ಮೃದುಕಂಠಕ್ಕೆ ಅದರಲ್ಲಿ ಇವರು ರಾಗ ಹೊಸೆದರು. ‘ರಂಗೀಲಿ’ (1952), ‘ಕರ್ ಭಲಾ’ (1956) ಚಿತ್ರಗಳಿಗೂ ಇವರ ಸಂಗೀತವಿತ್ತು.

ಆದರೆ ವಾದಕರ ಹೆಸರುಗಳು ಬೆಳ್ಳಿತೆರೆಯ ಮೇಲೆ ಬರುತ್ತಿದ್ದುದೇ ಅಪರೂಪ. ಹಾಡು ನಾಡಿಗೆಲ್ಲ ಪರಿಚಿತ, ನುಡಿಸಿದವರು ಅಪರಿಚಿತರು. ಗೋವೆಯ ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್ ಎಂಬ ಪಿಟೀಲು ವಿದ್ವಾಂಸರ ಹೆಸರು ಜನರ ಬಾಯಿಗೆ ಬಂದದ್ದೂ 1977ರ ‘ಅಮರ್ ಅಕ್ಬರ್ ಆಂಟನಿ’ ಚಿತ್ರದ ಹಾಸ್ಯಗೀತೆಯಿಂದ. ಅದು ಅವರ ಶಿಷ್ಯ ಪ್ಯಾರೇಲಾಲರು ಸಲ್ಲಿಸಿದ ಗುರುಕಾಣಿಕೆ.

ಚಿಕ್ ಚಾಕೊಲೇಟ್ 1967ರಲ್ಲಿ, ಇನ್ನೂ ಐವತ್ತರ ಆಸುಪಾಸಿನಲ್ಲೇ, ಇಹಲೋಕ ತ್ಯಜಿಸಿದರು. ತಾಯಿ ಬಯಸಿದ ಕಸುಬನ್ನು ಅವರು ಹಿಡಿಯಲಿಲ್ಲ; ಹಿಡಿದ ಕಸುಬಿನಲ್ಲಿ ಕೊನೆಯವರೆಗೂ ದುಡಿದರು.

ನಮ್ಮ ಕಡೆಯ ಯಕ್ಷಗಾನ ಭಾಗವತರು ಹಿರಿಯರ ಹಿಂದೆ ಕುಳಿತು ರಾತ್ರಿಯಿಡೀ ಕೇಳಿ ಪದ ಕಲಿತವರು. ನಾಟಕ ಕಂಪೆನಿಗಳ ಹಾರ್ಮೋನಿಯಂ ಮಾಸ್ತರರಲ್ಲಿಯೂ ಹೀಗೆ ಕಲಿತವರು ಬಹಳ. ಆದುದರಿಂದ ಕಿವಿಯ ವಿದ್ಯೆಯ ಬೆಲೆಯನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಮೂವತ್ತು ನಲವತ್ತು ದಾಟಿದ ಮೇಲೆ ಮನೆಯ ಕೀಬೋರ್ಡಿನ ಮುಂದೆ ಕುಳಿತು ಮೆಚ್ಚಿನ ಹಾಡೊಂದರ ಸ್ವರ ಹುಡುಕುವವರನ್ನು ನಕ್ಕು ಎಬ್ಬಿಸದಿದ್ದರೆ ಸಾಕು. ಕಲಿತ ವಿದ್ಯೆ ಕೈಯಲ್ಲಿದ್ದರೂ ಹೊಸ ವಿದ್ಯೆಗೆ ಕಿವಿಗೊಟ್ಟ ಅಲ್ದೋಣಾದ ತರುಣನ ಬಾಳು ಅವರಿಗೆ ಧೈರ್ಯ ಕೊಡಲಿ.