ಮಳೆಯ ಮೂಲವನ್ನು ಅರಸಿದ ವಿಲ್ಹೆಲ್ಮ್ ಬ್ಯರ್ಕ್ನೆಸ್

ನಮ್ಮ ರೈತನು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾನೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ವರ್ಷವನ್ನು ಹಂಚಿದ ಈ ಕ್ರಮವು ಮಳೆ ಯಾವಾಗ ಬೀಳುವುದೆಂಬುದನ್ನು ನೋಡುತ್ತದೆ. ಸೋನೆ, ಜಡಿ, ತುಂತುರು, ಬಿರುಮಳೆ ಎಂಬ ಹೆಸರುಗಳು ಅದು ಹೇಗೆ ಬೀಳುವುದೆಂಬುದನ್ನು ಹೇಳುತ್ತವೆ. ಆದರೆ ಈ ಮಳೆಯನ್ನು ತಂದುದು ಆಕಾಶದ ಯಾವ ವ್ಯಾಪಾರ ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಮಳೆಯನ್ನು ವಿಂಗಡಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು 20ನೆಯ ಶತಮಾನದ ಆದಿಯಲ್ಲಿ, ನಾರ್ವೆ ದೇಶದ ಬೆರ್ಗೆನ್ ಎಂಬ ಕಡಲತಡಿಯ ಊರಿನಲ್ಲಿ. ಅದರ ಹಿಂದಿದ್ದ ಪುರುಷ ವಿಲ್ಹೆಲ್ಮ್ ಬ್ಯರ್ಕ್ನೆಸ್. ಕನ್ನಡ ಕಲಿಸುವ ನನಗೆ ಈತನ ಗಣಿತ ನಿಲುಕದು, ಬಾಳು ನಿಲುಕುತ್ತದೆ.

1862ರಲ್ಲಿ ಇಂದು ಓಸ್ಲೋ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯದಲ್ಲಿ ಇವನು ಹುಟ್ಟಿದನು. ತಂದೆ ಕಾರ್ಲ್ ಆಂಟನ್ ಗಣಿತದ ಪ್ರಾಧ್ಯಾಪಕ. ದ್ರವದಲ್ಲಿ ಮಿಡಿಯುವ ಗೋಲಗಳು ಒಂದನ್ನೊಂದು ಸೆಳೆಯುವ ಬಗೆಯಿಂದ ವಿದ್ಯುತ್ತಿನ ರಹಸ್ಯವನ್ನೇ ಬಿಡಿಸಬಹುದೆಂಬ ನಂಬುಗೆಗೆ ಆತ ತನ್ನ ಆಯುಷ್ಯವನ್ನು ತೆತ್ತನು. ಹುಡುಗ ವಿಲ್ಹೆಲ್ಮ್ ತಂದೆಯ ಪ್ರಯೋಗಗಳಿಗೆ ಕೈಯಾಸರೆಯಾಗಿ ನಿಂತನು; 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಆ ಪ್ರಯೋಗಗಳನ್ನು ಲೋಕಕ್ಕೆ ತೋರಿಸುವಾಗಲೂ ಜೊತೆಗಿದ್ದನು. ಆದರೆ ತಂದೆ ವರ್ಷದಿಂದ ವರ್ಷಕ್ಕೆ ಒಂಟಿಯಾಗುತ್ತ, ಬರೆದುದನ್ನು ಪ್ರಕಟಿಸಲು ಹಿಂಜರಿಯುತ್ತ ಹೋದನು. ಈ ದಾರಿಯಲ್ಲೇ ನಡೆದರೆ ತನಗೂ ಅದೇ ಗತಿಯೆಂಬುದು ಮಗನಿಗೆ ಹೊಳೆಯಿತು. ಪ್ರೀತಿಯಿದ್ದೂ ಅವನು ತಂದೆಯ ಕೆಲಸದಿಂದ ದೂರ ಸರಿದು, ಪ್ಯಾರಿಸಿಗೆ ಹೋಗಿ ಪ್ವಾಂಕರೆಯ ಉಪನ್ಯಾಸಗಳನ್ನು ಕೇಳಿ, ಮುಂದೆ ಬಾನ್ ನಗರದಲ್ಲಿ ಹರ್ಟ್ಸ್ ಎಂಬ ಮಹಾವಿಜ್ಞಾನಿಯ ಬಳಿ ದುಡಿದನು. ಈ ಅಗಲಿಕೆ ಸುಲಭವಾಗಿದ್ದಿರಲಾರದು. ತಂದೆಯ ಋಣ ಅವನನ್ನು ಪೂರ್ತಿಯಾಗಿ ಬಿಡಲೂ ಇಲ್ಲ. ಮುಂದೆ ತಂದೆಯ ಸಿದ್ಧಾಂತವನ್ನು ಗ್ರಂಥರೂಪಕ್ಕೆ ತಂದವನು ಅವನೇ.

1895ರಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರಾಧ್ಯಾಪಕನಾದ ಮೇಲೆ, ದ್ರವಗಳಲ್ಲಿ ಸುಳಿ ಹೇಗೆ ಹುಟ್ಟಿ ಹೇಗೆ ಅಳಿಯುವುದೆಂಬುದನ್ನು ಕುರಿತು ಅವನು ಒಂದು ಪ್ರಮೇಯವನ್ನು ಕಟ್ಟಿದನು. ತಂದೆಯ ಸಮಸ್ಯೆಗಾಗಿ ಹೊಸೆದ ಈ ಹಗ್ಗ ಗಾಳಿಯನ್ನೂ ಕಡಲನ್ನೂ ಕಟ್ಟಬಲ್ಲುದೆಂಬುದು ಕಂಡುಬಂದಾಗ ಅವನ ಬಾಳಿನ ದಿಕ್ಕೇ ತಿರುಗಿತು. 1904ರಲ್ಲಿ ಅವನು ಒಂದು ಹಿರಿಯ ಪ್ರತಿಜ್ಞೆಯನ್ನೇ ಮಾಡಿದನೆನ್ನಬೇಕು. ಒತ್ತಡ, ಉಷ್ಣತೆ, ಸಾಂದ್ರತೆ, ತೇವ ಮತ್ತು ಮೂರು ದಿಕ್ಕುಗಳಲ್ಲಿ ಗಾಳಿಯ ವೇಗ, ಈ ಏಳನ್ನು ಇಂದು ಅಳೆದರೆ ನಾಳಿನ ಹವೆಯನ್ನು ಭೌತಶಾಸ್ತ್ರದ ನಿಯಮಗಳಿಂದಲೇ ಲೆಕ್ಕಹಾಕಬಹುದು ಎಂಬುದು ಅದರ ಸಾರ. ಗ್ರಹಣವನ್ನು ಗಣಿಸುವಂತೆ ಮಳೆಯನ್ನೂ ಗಣಿಸುವ ಆಸೆ. ಅಮೆರಿಕದ ಕಾರ್ನೆಗಿ ಸಂಸ್ಥೆ ಇದಕ್ಕೆ ಹಣ ಕೊಟ್ಟಿತು. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯವು 1913ರಲ್ಲಿ ಹೊಸ ಸಂಸ್ಥೆಯನ್ನು ಅವನ ಕೈಗಿತ್ತಿತು. ಮರುವರ್ಷವೇ ಮಹಾಯುದ್ಧ. ಶಿಷ್ಯರು ರಣರಂಗಕ್ಕೆ ಹೋದರು, ಎಲ್ಲರೂ ಮರಳಲಿಲ್ಲ. 1917ರಲ್ಲಿ ಅವನು ತಾಯ್ನಾಡಿಗೆ, ಬೆರ್ಗೆನ್ನಿಗೆ, ಮರಳಿದನು.

ನಾರ್ವೆ ಯುದ್ಧದಲ್ಲಿ ಸೇರಿರಲಿಲ್ಲ. ಆದರೆ ಹೊರಗಿನಿಂದ ಬರುವ ಧಾನ್ಯ ನಿಂತುಹೋಗಿ ಹಸಿವಿನ ಭಯ ಕವಿದಿತ್ತು. ಕಟಾವಿನ ಹೊತ್ತಿನಲ್ಲಿ ಬೀಳುವ ಒಂದು ಅಡ್ಡಮಳೆ ಊರೊಂದರ ಅನ್ನವನ್ನು ಕೆಡಿಸಬಹುದಾದ ಕಾಲವದು. ರೈತರಿಗೆ ಮಳೆಯ ಮುನ್ಸೂಚನೆ ಕೊಡುವ ಹೊಣೆಯನ್ನು 1918ರ ಬೇಸಗೆಯಲ್ಲಿ ಬ್ಯರ್ಕ್ನೆಸ್ ಹೊತ್ತನು. ಸಮೀಕರಣಗಳನ್ನು ಬಿಡಿಸುತ್ತ ಕೂರಲು ಸಮಯವಿರಲಿಲ್ಲ. ಬ್ರಿಟನ್ನಿನಿಂದಲೂ ಕಡಲಿನಿಂದಲೂ ಬರುತ್ತಿದ್ದ ಹವೆಯ ತಂತಿಗಳು ಯುದ್ಧದ ದೆಸೆಯಿಂದ ನಿಂತಿದ್ದವು. ಆಗ ಅವನು ಪಶ್ಚಿಮ ಕರಾವಳಿಯುದ್ದಕ್ಕೂ ವೀಕ್ಷಣಾ ಠಾಣೆಗಳನ್ನು ಒತ್ತೊತ್ತಾಗಿ ಹಬ್ಬಿಸಿದನು. ದೀಪಸ್ತಂಭದ ಕಾವಲುಗಾರರು, ಬೆಸ್ತರು ಆಕಾಶವನ್ನು ನೋಡಿ ವರದಿ ಕಳುಹಿದರು. ಲೆಕ್ಕದ ಮೇಲೆ ಪ್ರಾಣವಿಟ್ಟಿದ್ದವನು ಕಣ್ಣಿಗೆ ಶರಣಾದನು. ಅವನ ಹಿರಿಮೆಯನ್ನು ನಾನು ಕಾಣುವುದು ಮುಖ್ಯವಾಗಿ ಇಲ್ಲಿ.

ಆ ಒತ್ತಾದ ನಕಾಶೆಗಳಲ್ಲಿ ಮೊದಲು ರೂಪ ಕಂಡವನು ಅವನ ಮಗ ಯಾಕೊಬ್. 1919ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಅವನು ಕೆಲವೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದನು. ಶೀತದೇಶಗಳ ಆವರ್ತಮಾರುತದಲ್ಲಿ ಮಳೆ ಎಲ್ಲೆಂದರಲ್ಲಿ ಬೀಳುವುದಿಲ್ಲ. ಬೆಚ್ಚನೆಯ ಗಾಳಿಯೂ ತಣ್ಣನೆಯ ಗಾಳಿಯೂ ಸಂಧಿಸುವ ಎರಡು ಗೆರೆಗಳ ಬಳಿ ಬೀಳುತ್ತದೆ. ಒಂದು ಗೆರೆಯಲ್ಲಿ ಬೆಚ್ಚನೆಯ ಗಾಳಿ ತಣ್ಣನೆಯದರ ಬೆನ್ನನ್ನು ಮೆಲ್ಲನೆ ಏರುತ್ತದೆ. ನೂರಾರು ಮೈಲಿ ಮೋಡ ಹಾಸಿ ಗಂಟೆಗಟ್ಟಲೆ ಜಡಿ ಹಿಡಿಯುತ್ತದೆ. ಇನ್ನೊಂದರಲ್ಲಿ ತಣ್ಣನೆಯ ಗಾಳಿ ಬೆಣೆಯಂತೆ ನುಗ್ಗಿ ಬೆಚ್ಚನೆಯದನ್ನು ಥಟ್ಟನೆ ಎತ್ತುತ್ತದೆ. ಅಗಲ ಕಿರಿದು, ರಭಸ ಹಿರಿದು. ಯುದ್ಧದ ನೆನಪು ಹಸಿಯಾಗಿದ್ದ ಆ ದಿನಗಳಲ್ಲಿ ಸೇನೆಗಳು ಎದುರುಬದುರು ನಿಲ್ಲುವ ಫ್ರಂಟ್ ಎಂಬ ಹೆಸರೇ ಈ ಗೆರೆಗಳಿಗೆ ಬಂದಿತು. ಎರಡು ಗೆರೆಗಳೂ ಕೂಡಿಕೊಂಡು ಆವರ್ತ ಮುಪ್ಪಾಗುವುದನ್ನು ಸ್ವೀಡನ್ನಿನ ತರುಣ ಟೋರ್ ಬರ್ಜರಾನ್ ಕಂಡನು. 1921ರಲ್ಲಿ ಯಾಕೊಬ್ ಮತ್ತು ಹಾಲ್ವೊರ್ ಸೂಲ್ಬರ್ಗ್ ಮಳೆ ಹುಟ್ಟುವ ಸನ್ನಿವೇಶಗಳನ್ನೇ ವಿಷಯವಾಗಿಸಿಕೊಂಡು ಪ್ರಬಂಧ ಬರೆದರು. ಬೆಟ್ಟ ತಡೆದು ಸುರಿಸಿದ ಮಳೆ, ಬಿಸಿಲಿಗೆ ಉಕ್ಕಿದ ಗುಡುಗುಮಳೆ, ಆವರ್ತದ ಮಳೆ ಎಂಬ ಸ್ಥೂಲ ವಿಭಾಗ ಹಿಂದೆಯೂ ಇತ್ತು. ಆವರ್ತದ ಮಳೆಯ ಒಳಗನ್ನು ಬಗೆದು ತೋರಿಸಿದ ಕೀರ್ತಿ ಈ ಗುಂಪಿನದು.

ಇವರ ಗೆರೆಗಳು ನಮ್ಮ ನಾಡಿಗೆ ನೇರವಾಗಿ ಹೊಂದುವುದಿಲ್ಲ. ಆಗುಂಬೆಯ ಮಳೆ ಸಹ್ಯಾದ್ರಿಯು ಪಡುವಣ ಗಾಳಿಯನ್ನು ಎತ್ತಿದುದರ ಫಲ. ಏಪ್ರಿಲ್ ತಿಂಗಳ ಮಾವಿನ ಮಳೆ ನೆಲದ ಕಾವಿನ ಕೂಸು. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಬೇರೆಯೇ ಒಂದು ಬಗೆ. ಆದರೆ ಮಳೆಯನ್ನು ಅದರ ಜನಕನಿಂದ ಗುರುತಿಸುವ ರೂಢಿ ಇಂದು ಭೂಮಂಡಲವನ್ನೇ ವ್ಯಾಪಿಸಿದೆ. ಉಪಗ್ರಹಗಳ ನೆರವಿನಿಂದ ಮಾಡಿದ ಲೆಕ್ಕದಂತೆ ಮಧ್ಯ ಅಕ್ಷಾಂಶಗಳ ಮಳೆಯಲ್ಲಿ ಹೆಚ್ಚಿನ ಪಾಲು ಫ್ರಂಟುಗಳದು; ಉಷ್ಣವಲಯದ ಮಳೆಯಲ್ಲಿ ಅರ್ಧಕ್ಕೂ ಮಿಕ್ಕಿದ್ದು ಗುಂಪುಗೂಡಿದ ಗುಡುಗುಮೋಡಗಳ ದೊಡ್ಡ ಸಮೂಹಗಳದು.

ಬ್ಯರ್ಕ್ನೆಸ್ 1926ರಲ್ಲಿ ಓಸ್ಲೋಗೆ ತೆರಳಿದನು, 1932ರಲ್ಲಿ ನಿವೃತ್ತನಾದನು. ಮಳೆಯನ್ನು ಗಣಿಸುವ ಹಳೆಯ ಪ್ರತಿಜ್ಞೆ ನೆರವೇರುವ ಸೂಚನೆ ಅವನ ಜೀವಮಾನದಲ್ಲೇ ಕಂಡಿತು: 1950ರಲ್ಲಿ ಅಮೆರಿಕದ ಎನಿಯಾಕ್ ಎಂಬ ಗಣಕಯಂತ್ರ ಹವೆಯ ಮೊದಲ ಲೆಕ್ಕವನ್ನು ಮಾಡಿತು. ಮರುವರ್ಷ, 1951ರ ಏಪ್ರಿಲಿನಲ್ಲಿ, ಎಂಬತ್ತೊಂಬತ್ತು ತುಂಬಿದ್ದ ಅವನು ತೀರಿಕೊಂಡನು. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಯಾಕೊಬ್ 1969ರಲ್ಲಿ ಶಾಂತಸಾಗರದ ಎಲ್ ನಿನೋ ಬಿಸಿನೀರಿಗೂ ಗಿಲ್ಬರ್ಟ್ ವಾಕರ್ ಗುರುತಿಸಿದ್ದ ವಾಯುಭಾರದ ತೂಗಾಟಕ್ಕೂ ಇರುವ ಸಂಬಂಧವನ್ನು ವಿವರಿಸಿದನು. ಆ ತೂಗಾಟದ ಜಾಡನ್ನು ವಾಕರ್ ಹಿಡಿದಿದ್ದು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ, ನಮ್ಮ ಮುಂಗಾರು ಕೈಕೊಡುವುದೇಕೆಂದು ಹುಡುಕುತ್ತಿದ್ದಾಗ.